ಚೌಳುಕೆರೆಗೆ ಇಟ್ಟ ಹೊಸ ಹೆಸರು

"ಇನ್ನು ಮೇಲೆ ನನ್ನ ಸೀಮೆಯಲ್ಲಿ ಕೆಟ್ಟ ಊರು ಅಂತ ಒಂದೂ ಇರುವುದಿಲ್ಲ" ಎಂದು ಹಂಪನಾಯಕ ತುಂಬಿದ ಸಭೆಯಲ್ಲಿ ಸಾರಿದ.

ಕೆರೆ ಅಗೆಸುತ್ತಾನೆ, ದಾರಿ ಮಾಡಿಸುತ್ತಾನೆ ಎಂದು ಕೆಲವರು ಆಸೆಪಟ್ಟರು. ದೊರೆ ಅಷ್ಟು ದೂರ ಹೋಗಲಿಲ್ಲ. ಹೆಸರು ಬದಲಿಸಿದ. ಮುಳ್ಳುಹಟ್ಟಿ ಮಲ್ಲಿಗೆಪುರವಾಯಿತು. ಸೊಳ್ಳೆಮಡು ಹಂಸಸರೋವರವಾಯಿತು, ಸೊಳ್ಳೆಗಳಿಗೆ ಸುದ್ದಿ ಮುಟ್ಟಲಿಲ್ಲ. ಉಪ್ಪುನೀರಿನ ಚೌಳುಕೆರೆ ಅಮೃತಕೆರೆಯಾಯಿತು. ಹಳೆಯ ಹೆಸರು ಆಡಿದವರು ಯಾರೇ ಆಗಲಿ, ಇಪ್ಪತ್ತು ಛಡಿ ಏಟು.

ಮೂರನೆಯ ದಿನವೇ ಸಾತವ್ವನನ್ನು ಕೈ ಕಟ್ಟಿ ಹಿಡಿದು ತಂದರು. ಚೌಳುಕೆರೆಯ ದಾರಿಯಲ್ಲಿ ಅರವಟ್ಟಿಗೆ ಇಟ್ಟುಕೊಂಡು, ದೂರದ ಬಾವಿಯಿಂದ ಹೊತ್ತು ತಂದ ಸಿಹಿನೀರನ್ನು ದಾರಿಹೋಕರಿಗೆ ಕೊಡುತ್ತಿದ್ದ ಮುದುಕಿ. ವಯಸ್ಸು ಎಪ್ಪತ್ತು. ಐದನೆಯ ಏಟಿಗೇ ಹೋಗಿಬಿಡುವಂತಿದ್ದಳು.

"ಏನಂದೆ?" ಎಂದ ದೊರೆ.

"ಗಾಡಿಯವನೊಬ್ಬ ಎತ್ತು ಬಿಚ್ಚಿ ಕೆರೆಗಿಳಿಸುತ್ತಿದ್ದ ಬುದ್ಧಿ. 'ಬೇಡ ಕಣಪ್ಪಾ, ಅದು ಚೌಳುಕೆರೆ' ಅಂದೆ."

"ನೋಡಿ, ಈಗಲೂ ಅಂದಳು! ಛಡಿ ತನ್ನಿ."

ಕರಣಿಕ ಬೊಪ್ಪಣ್ಣ ಎದ್ದು ನಿಂತ. ಅವನು ಬೇಡಿಕೊಳ್ಳುತ್ತಾನೆ ಎಂದು ಎಲ್ಲರೂ ಅಂದುಕೊಂಡರು.

"ತಕ್ಕ ಶಿಕ್ಷೆ ಮಹಾಸ್ವಾಮಿ" ಎಂದ. "ಛಡಿ ಬರುವಷ್ಟರಲ್ಲಿ ಒಂದು ಸಣ್ಣ ವಿಷಯ. ತಮ್ಮ ಕುದುರೆ ಧವಳನನ್ನು ವರ್ಷಕ್ಕೊಮ್ಮೆ ಹುಲ್ಲುಗಾವಲಿಗೆ ಬಿಡುವ ಕಾಲ ಬಂತು."

ದೊರೆಯ ಮುಖ ಅರಳಿತು. ಧವಳನಿಗೆ ಅವನು ತನ್ನ ಕೈಯಾರೆ ಬೆಲ್ಲ ತಿನ್ನಿಸುತ್ತಿದ್ದ. ಪ್ರಜೆಗಳ ಪೈಕಿ ಯಾರಿಗೂ ಆ ಯೋಗವಿರಲಿಲ್ಲ.

"ಒಳ್ಳೆಯ ಜಾಗ ನೋಡಿದೆಯಾ?"

"ಊರುಗಳ ಪಟ್ಟಿಯನ್ನೆಲ್ಲ ಓದಿದೆ. ಅಮೃತಕೆರೆಗಿಂತ ಒಳ್ಳೆಯ ಹೆಸರು ಇನ್ನೊಂದಿಲ್ಲ. ಬೆಳಿಗ್ಗೆಯೇ ಕಳಿಸಿಬಿಟ್ಟೆ. ಒಂದು ತಿಂಗಳು ಅಲ್ಲಿನ ನೀರೇ ಕುಡಿಯಲಿ, ಮೈಗೆ ಹೊಳಪು ಬರುತ್ತದೆ."

ದೊರೆ ಗದ್ದುಗೆಯಿಂದ ನೆಗೆದ.

"ಅಯ್ಯೋ ಮುಟ್ಠಾಳ! ಅದು ಚೌಳುಕೆರೆ ಕಣೋ! ಅಪ್ಪನ ಜೊತೆ ಬೇಟೆಗೆ ಹೋದಾಗ ಒಂದು ಬೊಗಸೆ ಕುಡಿದು ಮೂರು ದಿನ ಪೊದೆಯಿಂದ ಎದ್ದು ಬರಲಿಲ್ಲ ನಾನು! ಓಡಿ, ಕುದುರೆ ವಾಪಸ್ ತನ್ನಿ!"

"ಲಾಯದಲ್ಲೇ ಇದೆ ಮಹಾಸ್ವಾಮಿ. ಹುರುಳಿ ತಿನ್ನುತ್ತಿದೆ" ಎಂದ ಬೊಪ್ಪಣ್ಣ.

ಅಷ್ಟರಲ್ಲಿ ಛಡಿ ಬಂತು. ಹಿಡಿದವನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಬೊಪ್ಪಣ್ಣ ಕೈಮುಗಿದು ಕೇಳಿದ:

"ಯಾರೇ ಆಗಲಿ ಎಂದು ತಾವೇ ಬರೆಸಿದ್ದೀರಿ. ವಯಸ್ಸು ನೋಡಿ ಅಜ್ಜಿಗೆ ಮೊದಲೋ, ಪದವಿ ನೋಡಿ ತಮಗೆ ಮೊದಲೋ?"

ದೊರೆ ಛಡಿಯನ್ನು ನೋಡಿದ, ಮುದುಕಿಯನ್ನು ನೋಡಿದ, ಆಮೇಲೆ ನಕ್ಕ. ನಗದೆ ಬೇರೆ ದಾರಿಯೂ ಇರಲಿಲ್ಲ. ಆಜ್ಞೆ ರದ್ದಾಯಿತು. ಬೊಪ್ಪಣ್ಣನಿಗೆ ಒಂದು ಶಾಲು, ಸಾತವ್ವನಿಗೆ ಒಂದು ಸೀರೆ ಸಿಕ್ಕಿತು.

ಸಾತವ್ವ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತಳು.

"ಇನ್ನೇನಜ್ಜಿ?" ಎಂದು ದೊರೆ ಕೇಳಿದ.

"ನಾಳೆ ಯಾರಾದರೂ ಎತ್ತು ಇಳಿಸಿದರೆ ಏನನ್ನಲಿ ಬುದ್ಧಿ?"

"ಇದ್ದದ್ದು ಇದ್ದ ಹಾಗೆ ಹೇಳು" ಎಂದ ದೊರೆ, ಬಹಳ ದೊಡ್ಡ ಮಾತು ಹೇಳಿದವನಂತೆ.

"ಅದನ್ನು ಹೇಳೋದಕ್ಕೆ ನನ್ನ ಕೈ ಕಟ್ಟಿಸಿ ಕರೆಸಬೇಕಿತ್ತಾ?" ಎಂದಳು ಸಾತವ್ವ.