ಬೆಳಗಾದರೆ ಮಾಯವಾಗುವ ಡ್ರೈವರ್

"ಗುರುಗಳೇ, ಕ್ಷಮೆ ಕೇಳಿಯಾದ ಮೇಲೂ ಅನುಮಾನ ಯಾಕೆ ಹೋಗುವುದಿಲ್ಲ?"

ಹಾಗೆ ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಗುರುಗಳು ಸುಮ್ಮನಿದ್ದರು. ಅವರು ಸುಮ್ಮನಿದ್ದರೆ, ಉಳಿದದ್ದನ್ನೂ ಹೇಳು ಎಂದೇ ಅರ್ಥ.

ಶಿಷ್ಯ ಉಳಿದದ್ದನ್ನೂ ಹೇಳಿದ. "ಉಗ್ರಾಣದ ಬೀಗದ ಕೈ ಯಾವಾಗಲೂ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅಡುಗೆಯವನು ಬೇಕಾದಾಗ ತೆಗೆದುಕೊಳ್ಳುತ್ತಿದ್ದ. ಭರಣಿಯಲ್ಲಿ ತುಪ್ಪ ಕಡಿಮೆಯಾಗುತ್ತಾ ಬಂತು. ಅವನನ್ನೇ ಕಳ್ಳ ಎಂದೆ. ಎಲ್ಲರ ಎದುರಿಗೇ ಎಂದೆ. ಬೀಗದ ಕೈಯನ್ನು ಮೊಳೆಯಿಂದ ತೆಗೆದು ನಾನೇ ಇಟ್ಟುಕೊಂಡೆ. ಆಮೇಲೆ ನೋಡಿದರೆ ಭರಣಿಯ ತಳ ಬಿರುಕು ಬಿಟ್ಟಿತ್ತು. ಹೋಗಿ ಕ್ಷಮೆ ಕೇಳಿದೆ. 'ಆಯ್ತು ಬಿಡಿ' ಎಂದ. ಆದರೂ ಅವನು ಉಗ್ರಾಣದ ಕಡೆ ಬಂದರೆ ನನ್ನ ಕಣ್ಣು ಅವನ ಕೈಗೇ ಹೋಗುತ್ತದೆ. ಅವನೂ ನನ್ನ ಜೊತೆ ಮೊದಲಿನ ಹಾಗಿಲ್ಲ."

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಂಗಡಿಯವನಿದ್ದ. ಬಸ್ಸು, ರೈಲಿನ ಟಿಕೆಟ್ ಮಾಡಿಕೊಡುವುದು ಅವನ ಕಸುಬು. ಅದಕ್ಕೊಂದು ಕಂಪ್ಯೂಟರ್ ಇತ್ತು, ಹಳೆಯದು. ಹೊಸದನ್ನು ಮಾರುವವರೆಲ್ಲ ಮೋಸಗಾರರು ಎಂಬುದು ಅವನ ಎಣಿಕೆ. ನೆಟ್ಟಿನ ಡಬ್ಬ ಮಹಡಿಯ ಮೇಲಿತ್ತು. ಅಲ್ಲಿಂದ ಅಂಗಡಿಗೆ ಎಳೆದಿದ್ದ ತಂತಿಯನ್ನು ಒಂದು ದಿನ ಇಲಿ ಕಡಿಯಿತು. ಕಡಿದದ್ದು ಇಲಿಯೇ ಎಂದು ನಂಬಲು ಅವನಿಗೆ ಕೆಲವು ದಿನ ಬೇಕಾಯಿತು.

ಇನ್ನು ತಂತಿಯ ಸಹವಾಸವೇ ಬೇಡವೆಂದು ಅವನು ವೈಫೈ ಅಡಾಪ್ಟರ್ ಕೊಂಡು ತಂದ. ಹೆಬ್ಬೆರಳಿನಷ್ಟು ಗಾತ್ರದ್ದು. ಕಂಪ್ಯೂಟರಿಗೆ ಸಿಕ್ಕಿಸಿದರೆ ಗಾಳಿಯಲ್ಲೇ ನೆಟ್ ಹಿಡಿಯುತ್ತದೆ. ಆದರೆ ತನಗೆ ಸಿಕ್ಕಿಸಿದ್ದು ಏನು, ಅದರ ಜೊತೆ ಹೇಗೆ ಮಾತಾಡಬೇಕು ಎಂಬುದು ಹಳೆಯ ಕಂಪ್ಯೂಟರಿಗೆ ತಿಳಿಯದು; ಕಲಿಸಬೇಕು. ಆ ಪಾಠಕ್ಕೆ ಡ್ರೈವರ್ ಎನ್ನುತ್ತಾರೆ. ಅದು ಅಡಾಪ್ಟರಿನ ಜೊತೆ ಸಿಡಿಯಲ್ಲಿ ಬಂದಿತ್ತು. ರಿಪೇರಿಯವನನ್ನು ಕರೆದರೆ ಒಳಗಿನ ಒಳ್ಳೆಯ ಭಾಗ ಬಿಚ್ಚಿಕೊಂಡು ಹೋಗುತ್ತಾನೆಂದು ಅಂಗಡಿಯವನು ತಾನೇ ಕೂತ. ಸಿಡಿ ಹಾಕಿದ, ಡ್ರೈವರ್ ಹಾಕಿದ, ನೆಟ್ ಬಂತು. ಸಂಜೆ ಕಂಪ್ಯೂಟರ್ ಆಫ್ ಮಾಡಿ ಸಂತೋಷದಿಂದ ಮನೆಗೆ ಹೋದ.

ಮರುದಿನ ಆನ್ ಮಾಡಿದರೆ ನೆಟ್ ಇಲ್ಲ. ಅಡಾಪ್ಟರ್ ಇದ್ದಲ್ಲೇ ಇದೆ. ತೆರೆಯ ಮೇಲೆ ಅದರ ಹೆಸರಿನ ಪಕ್ಕದಲ್ಲಿ ಹಳದಿ ಗುರುತು. ಹಾಕಿದ್ದ ಡ್ರೈವರ್ ಜಾಗದಲ್ಲಿಲ್ಲ. ಮತ್ತೆ ಸಿಡಿ ಹಾಕಿ ಕೂತ. ಅಷ್ಟರಲ್ಲಿ ಟಿಕೆಟ್‌ಗೆ ಬಂದವರು ಎದುರಿನ ಅಂಗಡಿಗೆ ಹೋದರು. ಆ ಅಂಗಡಿ ಹೊಸದಾಗಿ ಬಂದದ್ದು. ಅದರ ಮರುದಿನವೂ ಹೀಗೇ ಆಯಿತು.

ಆಗ ಅವನು ಕಂಪ್ಯೂಟರನ್ನು ನೋಡಲಿಲ್ಲ. ಬೀಗದ ಕೈ ಯಾರ ಹತ್ತಿರವಿದೆ ಎಂದು ನೋಡಿದ.

ಬೀಗದ ಕೈ ಗುಲಾಬಿಯ ಹತ್ತಿರವಿತ್ತು. ಬೆಳಗ್ಗೆ ಶಟರ್ ತೆಗೆಯುವುದು, ಗುಡಿಸುವುದು, ಮೇಜು ಒರೆಸುವುದು, ದೇವರ ಪಟಕ್ಕೆ ಹೂವಿಡುವುದು ಅವಳ ಕೆಲಸ. ಗಂಡ ಇರಲಿಲ್ಲ. ಒಲೆ ಉರಿಯುತ್ತಿದ್ದದ್ದು ಈ ಸಂಬಳದಿಂದ. ಆ ಗುಲಾಬಿ ಎದುರಂಗಡಿಯವನ ಜೊತೆ ನಗುತ್ತಾ ನಿಂತಿದ್ದನ್ನು ಅಂಗಡಿಯವನು ನೋಡಿದ್ದ. ನೋಡಿದ ದಿನ ಅದು ಬರೀ ನಗುವಾಗಿತ್ತು. ಈಗ ಅದಕ್ಕೆ ಅರ್ಥ ಬಂತು.

ಅವನು ಒಂದು ಸಂಜೆ ಕಂಪ್ಯೂಟರಿಗೆ ಅಡ್ಡಲಾಗಿ ಸಣ್ಣ ನೂಲು ಕಟ್ಟಿ ಹೋದ. ಬೆಳಗ್ಗೆ ನೂಲು ಹಾಗೆಯೇ ಇತ್ತು. ಡ್ರೈವರ್ ಮಾತ್ರ ಇರಲಿಲ್ಲ. ನೂಲು ಕದಲದ ಹಾಗೆ ಕೆಲಸ ಮಾಡಬೇಕಾದರೆ ಇವಳು ಎಷ್ಟು ಪಳಗಿರಬೇಕು ಎಂದುಕೊಂಡ.

"ನಾಳೆಯಿಂದ ಶಟರ್ ನಾನೇ ತೆಗೀತೀನಿ" ಎಂದು ಬೀಗದ ಕೈ ಇಸಿದುಕೊಂಡ. ಆಮೇಲೂ ಡ್ರೈವರ್ ಹೋಯಿತು. ಹಾಗಾದರೆ ಸಂಜೆ ಹೊರಡುವಾಗಲೇ ಏನೋ ಮಾಡುತ್ತಾಳೆ. ಅವನು ಒಂದು ಸಂಜೆ ಗಿರಾಕಿಗಳೆಲ್ಲ ಇರುವಾಗಲೇ ಅವಳನ್ನು ತಡೆದ.

"ಗುಲಾಬಿ, ಚೀಲ ಇಲ್ಲಿಡು."

"ಯಾಕೆ ಸಾಹುಕಾರ್ರೆ?"

"ಇಡು ಅಂದೆನಲ್ಲ. ಎದುರಂಗಡಿಯವನ ಹತ್ತಿರ ನಿಂತು ಅಷ್ಟೊಂದು ನಗೋದು ಯಾಕೆ ಅಂತ ನನಗೂ ಗೊತ್ತಾಗಲಿ."

ಗುಲಾಬಿ ಚೀಲವನ್ನು ಮೇಜಿನ ಮೇಲೆ ಸುರಿದಳು. ಊಟದ ಡಬ್ಬಿ, ಬಾಚಣಿಗೆ, ಮಡಿಸಿದ ಕೊಡೆ, ಎಲೆಯಲ್ಲಿ ಕಟ್ಟಿದ್ದ ಮಿಕ್ಕ ಹೂವು.

"ಅವನ ಹೆಂಡತಿ ಹೆತ್ತಳು ಅಂದ, ನಕ್ಕೆ. ನನ್ನ ನಗುವಿಗೂ ನಿಮ್ಮ ಕಂಪ್ಯೂಟರಿಗೂ ತಂತಿ ಎಳೆದಿದ್ದೀರಾ ಸಾಹುಕಾರ್ರೆ?"

ಗಿರಾಕಿಗಳಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಒಂದೊಂದನ್ನೇ ಎತ್ತಿ ಚೀಲಕ್ಕೆ ತುಂಬಿಕೊಂಡಳು. ಹೋದವಳು ಮರುದಿನ ಬರಲಿಲ್ಲ.

ಮರುದಿನವೂ ಹಳದಿ ಗುರುತು ಬಂತು. ಹೋಗುವ ಮೊದಲು ಏನೋ ಮಾಡಿಟ್ಟು ಹೋಗಿದ್ದಾಳೆ ಎಂದು ಅಂಗಡಿಯವನಿಗೆ ಖಾತ್ರಿಯಾಯಿತು. ಕಂಪ್ಯೂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಮನೆಗೆ ತಂದ. ಎದುರಂಗಡಿ ಇಲ್ಲದ, ಗುಲಾಬಿ ಇಲ್ಲದ ಮನೆ. ಸಂಜೆ ಡ್ರೈವರ್ ಹಾಕಿದ. ಬೆಳಗ್ಗೆ ಆನ್ ಮಾಡಿದರೆ ಇಲ್ಲ. ಮನೆಯಲ್ಲಿದ್ದವರು ಇಬ್ಬರೇ. ಅವನು ಹೆಂಡತಿಯ ಕಡೆ ನೋಡಿದ.

"ಏನ್ರೀ ಹಾಗೆ ನೋಡ್ತೀರಿ?"

"ಇದನ್ನೇನಾದರೂ ಮುಟ್ಟಿದೆಯಾ?"

"ಹೂಂ. ನಿಮ್ಮ ಡ್ರೈವರನ್ನ ಒಗ್ಗರಣೆಗೆ ಹಾಕಿದೆ. ಉಪ್ಪಿಟ್ಟಿನಲ್ಲಿ ಹುಡುಕಿ, ಸಿಗುತ್ತೆ."

ಅವನು ಹುಡುಕಲಿಲ್ಲ; ಆದರೆ ಉಪ್ಪಿಟ್ಟನ್ನೂ ತಿನ್ನಲಿಲ್ಲ. ಹೆಂಡತಿ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಈಗ ಹಾಕಿ. ನಾನಿಲ್ಲೇ ಇರ್ತೀನಿ. ನೀವು ನನ್ನ ಕೈ ನೋಡ್ತಾ ಇರಿ, ನಾನು ನಿಮ್ಮ ಕೈ ನೋಡ್ತೀನಿ. ಹಾಕಿದ ಮೇಲೆ ಆಫ್ ಮಾಡಿ, ಆನ್ ಮಾಡಿ."

ಅವನು ಹಾಗೇ ಮಾಡಿದ. ಇಬ್ಬರ ಕಣ್ಣೆದುರಿಗೇ ಹಳದಿ ಗುರುತು ಬಂತು. ನಡುವೆ ಯಾರೂ ಬಂದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ.

"ಈಗ ಹೇಳಿ, ಯಾರ ಚೀಲ ನೋಡ್ತೀರಿ?" ಎಂದಳು ಹೆಂಡತಿ.

ಕೊನೆಗೆ ಕಂಪ್ಯೂಟರನ್ನು ಅಂಗಡಿಗೆ ವಾಪಸು ತಂದು ರಿಪೇರಿಯವನನ್ನು ಕರೆಯಲೇಬೇಕಾಯಿತು. ಅವನು ಬಂದು ಕೂತು, ಸ್ವಲ್ಪ ಹೊತ್ತು ತೆರೆಯನ್ನು ನೋಡಿ ಹೇಳಿದ: "ಇದರ ಹೊಟ್ಟೆಯೊಳಗೆ ಯಾವ ಕಾಲದ್ದೋ ಒಂದು ಹಳೇ ಡ್ರೈವರ್ ಕೂತಿದೆ ಸಾರ್. ನೀವು ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಹೊಸದನ್ನು ಬದಿಗೆ ಸರಿಸಿ, ತನಗೆ ಗೊತ್ತಿರೋ ಹಳೆಯದನ್ನೇ ತಂದು ಕೂರಿಸುತ್ತೆ. ಅದು ಈ ಅಡಾಪ್ಟರಿಗೆ ಆಗಿಬರಲ್ಲ. ನೀವು ಹೊಸದು ಹಾಕಿದ್ದೇನೋ ಸರಿ. ಹಳೆಯದನ್ನ ತೆಗೆಯಲೇ ಇಲ್ಲವಲ್ಲ!"

ಅವನು ಹಳೆಯದನ್ನು ಬುಡಸಮೇತ ಅಳಿಸಿ ಹೊಸದನ್ನು ಹಾಕಿದ. ಅಷ್ಟು ಹೊತ್ತೂ ಅಂಗಡಿಯವನು ಅವನ ಜೇಬಿನ ಮೇಲೆ ಒಂದು ಕಣ್ಣಿಟ್ಟಿದ್ದ. ಆಫ್ ಮಾಡಿ ಆನ್ ಮಾಡಿದರು. ನೆಟ್ ಇತ್ತು. ಮರುದಿನವೂ ಇತ್ತು.

ಅಂಗಡಿಯವನು ಕೆಟ್ಟವನಲ್ಲ. ಅವತ್ತೇ ಗುಲಾಬಿಯ ಮನೆಗೆ ಹೋದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಅವರೆಲ್ಲರ ಎದುರಿಗೇ "ತಪ್ಪಾಯ್ತು ಗುಲಾಬಿ. ಯಾರೂ ಏನೂ ಮಾಡಿರಲಿಲ್ಲ. ನಾಳೆಯಿಂದ ಬಾ" ಎಂದ. ಅವಳಿಗೆ ಕೆಲಸ ಬೇಕಿತ್ತು. "ಬರ್ತೀನಿ" ಎಂದಳು.

ಬೆಳಗ್ಗೆ ಅವನು ಬರುವ ಹೊತ್ತಿಗೆ ಗುಲಾಬಿ ಮುಚ್ಚಿದ ಶಟರಿನ ಮುಂದೆ ಹೂವು ಹಿಡಿದು ನಿಂತಿದ್ದಳು. ಅವನು ಜೇಬಿನಿಂದ ಬೀಗದ ಕೈ ತೆಗೆದು ಶಟರ್ ಎತ್ತಿದ. ಅವಳು ಗುಡಿಸಿದಳು, ಒರೆಸಿದಳು, ಪಟಕ್ಕೆ ಹೂವಿಟ್ಟಳು. ನೆಟ್ ಬಂತು, ಗಿರಾಕಿಗಳೂ ಬಂದರು. ಸಂಜೆ ಹೊರಡುವಾಗ ಅವಳು ಚೀಲವನ್ನು ಮೇಜಿನ ಮೇಲಿಟ್ಟು, ಅದರ ಬಾಯಿ ಅಗಲಿಸಿ ನಿಂತಳು.

"ಛೆ ಛೆ, ಇದೆಲ್ಲ ಯಾಕೆ?" ಎಂದ ಅಂಗಡಿಯವನು.

"ಇರಲಿ ಸಾಹುಕಾರ್ರೆ. ನೋಡಿಬಿಡಿ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಸ್ವಲ್ಪ ಹೊತ್ತು ಕಾದು ಹೋದಳು. ಮರುದಿನ ಬೆಳಗ್ಗೆಯೂ ಶಟರಿನ ಮುಂದೆ ನಿಂತಿದ್ದಳು. ಸಂಜೆ ಮತ್ತೆ ಚೀಲ ತೆರೆದಿಟ್ಟಳು. ಇಂದಿಗೂ ಅಷ್ಟೇ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇನ್ನೂ ಇದೆಯೇನೋ ಎಂದು ಶಿಷ್ಯ ಕಾದ. ಇರಲಿಲ್ಲ.

"ಗುರುಗಳೇ, ಅವನು ಅವಳ ಮನೆಯವರೆಗೂ ಹೋಗಿ, ಅಷ್ಟು ಜನರ ಎದುರು ತಪ್ಪು ಒಪ್ಪಿಕೊಂಡನಲ್ಲ. ಆಮೇಲೂ ಚೀಲ ತೆರೆದಿಡುವುದು ಅವಳ ಹಟವಲ್ಲವೇ?"

"ಉಗ್ರಾಣದ ಬೀಗದ ಕೈ ಈಗ ಎಲ್ಲಿದೆ?" ಎಂದರು ಗುರುಗಳು.

ಶಿಷ್ಯನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದ ಕೈ ಅಲ್ಲಿತ್ತು.