ಕಡಲಿನ ಕಡೆಗೆ ಹೊಡೆದ ಚೆಂಡು

ಮೈಸೂರಿನಲ್ಲಿ ಗೋಪಾಲರಾಜೇ ಅರಸ್ ಎಂಬ ಪೀಠೋಪಕರಣದ ವ್ಯಾಪಾರಿ ಇದ್ದರು. ಅವರಿಗೆ ಗಾಲ್ಫ್ ಆಟದ ಹುಚ್ಚು. ಇಪ್ಪತ್ತೆರಡು ವರ್ಷ ಒಂದೇ ಮೈದಾನದಲ್ಲಿ ಆಡಿ ಮೂರು ಕಪ್ ಗೆದ್ದಿದ್ದರು. ಅಂಗಡಿಗೆ ಕುರ್ಚಿ ಕೊಳ್ಳಲು ಬಂದವರೂ ಆ ಕಪ್‌ಗಳ ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ.

ಒಮ್ಮೆ ಅವರು ಹೆಂಡತಿ ಸುಶೀಲಮ್ಮಣ್ಣಿಯವರ ಜೊತೆ ಐರ್ಲೆಂಡ್ ಪ್ರವಾಸಕ್ಕೆ ಹೊರಟರು. ಒಂಬತ್ತು ದಿನದ ಪ್ರವಾಸ. ಅದರ ಕಾರ್ಯಕ್ರಮದ ಪಟ್ಟಿಯಲ್ಲಿ ಆರನೆಯ ದಿನದ ಕೆಳಗೆ 'ಕಡಲ ಬಂಡೆಯ ಮೇಲಿನ ಮೈದಾನದಲ್ಲಿ ಗಾಲ್ಫ್' ಎಂದು ಬರೆದಿತ್ತು. ಅರಸರು ಬಂದದ್ದೇ ಆ ಒಂದು ಸಾಲಿಗಾಗಿ. ಅದರಲ್ಲೂ ಅಲ್ಲಿ ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳಲ್ಲಿ ಹದಿನಾರನೆಯದರ ಚಿತ್ರವನ್ನು ಅವರು ಎಷ್ಟೋ ಸಲ ನೋಡಿದ್ದರು. ಈ ಬಂಡೆಯ ಮೇಲೆ ನಿಂತು ಆ ಬಂಡೆಗೆ ಚೆಂಡು ಹೊಡೆಯಬೇಕು. ನಡುವೆ ಆಳವಾದ ಕಂದರ, ಅದರ ತಳದಲ್ಲಿ ಅಲೆಗಳ ಅಬ್ಬರ.

ಆ ದಿನ ಬೆಳಗ್ಗೆ ಮೈದಾನದಲ್ಲಿ ಬ್ರಿಜಿಡ್ ಎಂಬ ಮುದುಕಿ ಅವರನ್ನು ಎದುರುಗೊಂಡಳು. ಎಪ್ಪತ್ತರ ವಯಸ್ಸು, ಕೆಂಪು ಕೆನ್ನೆ, ದಪ್ಪ ಬೂಟು. ಆಟಗಾರರ ಜೊತೆ ನಡೆದು ದಾರಿ ತೋರಿಸುವುದು ಅವಳ ಕೆಲಸ. ಬಲಕ್ಕೆ ಉದ್ದಕ್ಕೂ ಸಮುದ್ರ, ಎಡಕ್ಕೆ ಹಳದಿ ಹೂವಿನ ಮುಳ್ಳುಪೊದೆ. ಸಮುದ್ರದಿಂದ ಜೋರಾಗಿ ಗಾಳಿ ಬೀಸುತ್ತಿತ್ತು.

"ಸ್ವಲ್ಪ ಬಲಕ್ಕೆ ತಿರುಗಿ ನಿಲ್ಲಿ, ಸ್ವಾಮಿ" ಎಂದಳು ಬ್ರಿಜಿಡ್.

ಅರಸರು ನಕ್ಕರು. "ಬಲಕ್ಕೆ ಸಮುದ್ರ ಇದೆಯಲ್ಲಮ್ಮ! ಕುಳಿಯ ಬಾವುಟ ಇರೋದು ನೇರಕ್ಕೆ. ನಾನು ಇಪ್ಪತ್ತೆರಡು ವರ್ಷದಿಂದ ಆಡ್ತಿದ್ದೀನಿ."

"ಹಾಗೇ ಆಗಲಿ" ಎಂದು ಅವಳು ಪಕ್ಕಕ್ಕೆ ಸರಿದಳು.

ಅರಸರು ನೇರವಾಗಿ ಹೊಡೆದರು. ಚೆಂಡು ಚೆನ್ನಾಗಿಯೇ ಮೇಲೆ ಹೋಯಿತು. ಆಮೇಲೆ ಯಾರೋ ಕಿವಿ ಹಿಡಿದು ಎಳೆದಂತೆ ಎಡಕ್ಕೆ ವಾಲಿ ಮುಳ್ಳುಪೊದೆಯೊಳಗೆ ಬಿತ್ತು. ಅಲ್ಲಿಗೆ ಕೈ ಹಾಕುವಂತಿರಲಿಲ್ಲ. "ಕೈ ಜಾರಿತು" ಎಂದರು ಅರಸರು. ಇನ್ನೊಂದು ಚೆಂಡು ಹೋದಾಗ "ಕೋಲು ಸರಿಯಿಲ್ಲ" ಎಂದರು. ಮೂರನೆಯದು ಹೋದಾಗ ಬೂಟಿನ ಮೇಲೆ ತಪ್ಪು ಹೊರಿಸಿದರು.

ಸುಶೀಲಮ್ಮಣ್ಣಿಯವರಿಗೆ ಗಾಲ್ಫ್ ಬರುತ್ತಿರಲಿಲ್ಲ. ಅವರು ಶಾಲನ್ನು ತಲೆಗೆ ಬಿಗಿದುಕೊಂಡು, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಬ್ರಿಜಿಡ್‌ಳನ್ನು ಅದೇನು ಇದೇನು ಎಂದು ಕೇಳುತ್ತ ನಡೆದರು. ಈ ಪೊದೆಗಳೆಲ್ಲ ಯಾಕೆ ಒಂದೇ ಕಡೆ ಬಾಗಿವೆ? ಆ ಕುರಿಗಳು ಯಾಕೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿವೆ? ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಹದಿನಾರನೆಯ ಕುಳಿಗೆ ಬರುವಷ್ಟರಲ್ಲಿ ಅರಸರ ಚೀಲದಲ್ಲಿ ಒಂದೇ ಒಂದು ಚೆಂಡು ಉಳಿದಿತ್ತು.

ಅವರು ಬಂಡೆಯ ಅಂಚಿನಲ್ಲಿ ನಿಂತರು. ಎದುರಿಗೆ ಕಂದರ, ಅದರಾಚೆ ಪುಟ್ಟ ಕೆಂಪು ಬಾವುಟ. ಎಷ್ಟು ವರ್ಷದ ಆಸೆ! ಇದು ಹೋದರೆ ಮತ್ತೆ ಹೊಡೆಯಲು ಚೆಂಡಿಲ್ಲ, ಮತ್ತೆ ಬರಲು ದಿನವಿಲ್ಲ.

"ಒಂದು ಮಾತು ಆಯಮ್ಮನ್ನ ಕೇಳಬಾರದೇ?" ಎಂದರು ಸುಶೀಲಮ್ಮಣ್ಣಿ.

"ನಾನು ಮೂರು ಕಪ್ ಗೆದ್ದವನು, ಸುಶೀಲಾ."

"ಗೆದ್ದಿದ್ದು ಮೈಸೂರಲ್ಲಿ. ಆ ಕಪ್‌ಗಳನ್ನ ಈ ಗಾಳಿ ನೋಡಿಲ್ಲ!"

ಅರಸರಿಗೆ ಮೊದಲು ಸಿಟ್ಟು ಬಂತು, ಹಿಂದೆಯೇ ನಗುವೂ ಬಂತು. ಅವರು ಟೋಪಿ ತೆಗೆದು ಮುದುಕಿಯ ಕಡೆ ತಿರುಗಿದರು. "ಹೇಳಿಯಮ್ಮ, ಎಲ್ಲಿಗೆ ಹೊಡೀಲಿ?"

ಬ್ರಿಜಿಡ್ ಕೈ ಚಾಚಿ ನೀರನ್ನು ತೋರಿಸಿದಳು. "ಅಗೋ, ಆ ಮೀನುದೋಣಿ ಕಾಣುತ್ತಲ್ಲ? ಅದರ ಕಡೆಗೆ."

"ಸಮುದ್ರಕ್ಕೇ?"

"ಸಮುದ್ರಕ್ಕೇ. ಕೊಟ್ಟುಬಿಡಿ. ಗಾಳಿ ವಾಪಸ್ ತರುತ್ತೆ."

ಇರುವ ಒಂದೇ ಚೆಂಡನ್ನು ಸಮುದ್ರಕ್ಕೆ ಹೊಡೆಯುವುದೆಂದರೆ! ಅರಸರು ದೋಣಿ ನೋಡಿದರು, ಬಾವುಟ ನೋಡಿದರು, ಮುದುಕಿಯ ಮುಖ ನೋಡಿದರು. ಅವಳ ಕಣ್ಣಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅವರು ದೋಣಿಯ ಕಡೆಗೆ ತಿರುಗಿ ನಿಂತು, ಉಸಿರು ಬಿಗಿಹಿಡಿದು ಬೀಸಿದರು. ಚೆಂಡು ಬಂಡೆ ದಾಟಿ, ನೊರೆ ದಾಟಿ, ನೀರಿನ ಮೇಲೆ ಹೋಗೇಬಿಟ್ಟಿತು. ಅರಸರು ಕಣ್ಣು ಮುಚ್ಚಿಕೊಂಡರು.

"ತಿರುಗ್ತು! ರೀ, ತಿರುಗ್ತು ನೋಡಿ!" ಸುಶೀಲಮ್ಮಣ್ಣಿ ಕೂಗಿದರು.

ಗಾಳಿ ಚೆಂಡನ್ನು ಮೆಲ್ಲಗೆ ಎಡಕ್ಕೆ ತಂದಿತ್ತು. ಅದು ಆಚೆ ಬಂಡೆಯ ಹಸಿರು ಹುಲ್ಲಿನ ಮೇಲೆ ಬಿದ್ದು, ಎರಡು ಸಲ ಪುಟಿದು, ಬಾವುಟದಿಂದ ಎಂಟು ಹೆಜ್ಜೆ ದೂರದಲ್ಲಿ ನಿಂತಿತು. ಅರಸರು ಕೋಲು ಕೆಳಗೆ ಹಾಕಿ ಮಗುವಿನಂತೆ ಕುಣಿದರು. ಆ ಎಂಟು ಹೆಜ್ಜೆ ದಾಟಿಸಲು ಅವರಿಗೆ ಮತ್ತೆ ಮೂರು ಹೊಡೆತ ಬೇಕಾಯಿತು, ಆದರೆ ಅದನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಹದಿನೇಳನೆಯ ಕುಳಿಗೆ ಬಂದಾಗ ಗುಟ್ಟು ಗೊತ್ತಾಯಿತೆಂಬ ಉತ್ಸಾಹದಲ್ಲಿ ಅರಸರು ಬಲಕ್ಕೆ ತಿರುಗಿಯೇ ನಿಂತರು. ಕೋಲು ಎತ್ತಿದವರು ಒಂದು ಕ್ಷಣ ತಡೆದರು. ಕೋಲು ಇಳಿಸಿ ಬ್ರಿಜಿಡ್ ಕಡೆ ನೋಡಿದರು.

"ಇಲ್ಲಿ ಎಲ್ಲಿಗಮ್ಮ?"

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೇಳಿದ್ದು ಒಳ್ಳೆಯದಾಯಿತು, ಸ್ವಾಮಿ! ಇಲ್ಲಿ ಗುಡ್ಡ ಅಡ್ಡ ಇದೆ, ಗಾಳಿ ಬರೋದೇ ಇಲ್ಲ. ನೇರ ಬಾವುಟಕ್ಕೇ ಹೊಡೀರಿ!"

ನೀತಿ: ಒಂದು ಕಡೆ ಕಲಿತ ವಿದ್ಯೆ ಎಲ್ಲ ಕಡೆಗೂ ಸಾಲುವುದಿಲ್ಲ. ಹೊಸ ಜಾಗದಲ್ಲಿ ಅಲ್ಲಿಯವರನ್ನು ವಿನಯದಿಂದ ಕೇಳಿ. ಒಮ್ಮೆ ಕೇಳಿ ಗೆದ್ದ ಮೇಲೂ ಕೇಳುವುದನ್ನು ಬಿಡಬೇಡಿ.