ಕೆರೆಯ ಪಾಲು

"ಗುರುಗಳೇ, ಸತ್ತ ಮರದಿಂದ ಯಾರಿಗೆ ಏನು ಪ್ರಯೋಜನ? ಅದು ನಿಂತ ಜಾಗವೂ ದಂಡವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಈ ಕತೆಯನ್ನು ಹೇಳಿದರು.

ಒಂದು ಕೆರೆ. ಅದರ ದಡದಲ್ಲಿ ಇಪ್ಪತ್ತು ಮನೆಗಳ ಬೆಸ್ತರ ಕೇರಿ. ದಡದ ಮರಗಳಿಗೆ ಅಲ್ಲಿ ಯಾರೂ ಕೊಡಲಿ ಹಾಕುತ್ತಿರಲಿಲ್ಲ. ಮರ ಮುದಿಯಾಗಿ, ಒಣಗಿ, ತಾನಾಗಿ ನೀರಿಗೆ ಬೀಳಬೇಕು, ಬಿದ್ದದ್ದನ್ನು ಎತ್ತಬಾರದು. ಇದು ಹಿರಿಯರ ಕಟ್ಟಳೆ. ಹೀಗೆ ಬಿದ್ದ ದಿಮ್ಮಿಗಳು ತಲೆಮಾರುಗಳಿಂದ ಕೆರೆಯ ತಳದಲ್ಲಿ ಮಲಗಿದ್ದವು. ಬಲೆ ಅವಕ್ಕೆ ಸಿಕ್ಕಿ ಹರಿಯುತ್ತಿತ್ತು. ಹರಿದರೆ ಯಾರೂ ಶಪಿಸುತ್ತಿರಲಿಲ್ಲ. "ಕೆರೆಯ ಪಾಲು ಕೆರೆಗೆ ಹೋಯಿತು" ಎಂದು ಮನೆಗೆ ಬರುತ್ತಿದ್ದರು.

ಆ ಕೇರಿಯ ಯಜಮಾನಿಕೆ ಒಬ್ಬ ಬೆಸ್ತನ ಕೈಗೆ ಬಂತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಖಂಡಿತ. ಹರಿದ ಬಲೆಯನ್ನು ಹೆಣೆದು ಹೆಣೆದು ಅವನ ಹೆಂಡತಿಯ ಬೆರಳುಗಳು ಸೀಳಿದ್ದವು. ಅನ್ನ ಕಲಸುವಾಗ ಉಪ್ಪು ತಾಗಿ ಅವಳು ಮುಖ ಕಿವುಚುವುದನ್ನು ಅವನು ದಿನವೂ ನೋಡುತ್ತಿದ್ದ. ಒಂದು ಬೇಸಿಗೆಯಲ್ಲಿ ನೀರು ಇಳಿದಾಗ, ದಿಮ್ಮಿಗಳನ್ನೆಲ್ಲ ಎಳೆದುಹಾಕಲು ನಿಶ್ಚಯಿಸಿದ.

ಕೇರಿಯ ಮುದುಕನೊಬ್ಬ ಅಡ್ಡ ಬಂದ. "ನಿನ್ನಪ್ಪನ ಬಲೆ ಹರಿಯಿತು, ನನ್ನ ಬಲೆ ಹರಿಯಿತು. ನಿನ್ನದೇನು ಪೀತಾಂಬರವೇನೋ?"

"ಕಟ್ಟಳೆ ಹೇಳಲು ನಾಲಿಗೆ ಸಾಕು ಅಜ್ಜ. ಬಲೆ ಹೆಣೆಯಲು ಬೆರಳು ಬೇಕು" ಎಂದ ಬೆಸ್ತ.

ಕೇರಿ ನಕ್ಕಿತು. ಮುದುಕ ದಾರಿ ಬಿಟ್ಟ.

ಹಗ್ಗ ಬಿಗಿದು, ಊರಿನ ಎತ್ತುಗಳನ್ನು ಹೂಡಿ, ಹದಿನೈದು ದಿನ ಎಳೆದರು. ಕೆರೆಯ ತಳ ಗುಡಿಸಿದ ಅಂಗಳದಂತಾಯಿತು. ಆ ವರ್ಷ ಒಂದು ಬಲೆಯೂ ಹರಿಯಲಿಲ್ಲ. ಅಡಗಲು ಎಡೆಯಿಲ್ಲದೆ ಮೀನು ಹಿರಿದು ಕಿರಿದೆನ್ನದೆ ಬಲೆಗೆ ಬಿತ್ತು. ತಿಂದು ಮಿಕ್ಕದ್ದನ್ನು ಹೊಗೆ ಹಾಕಿ ಒಣಗಿಸಿದರು. ಅದಕ್ಕೆ ಆ ದಿಮ್ಮಿಗಳನ್ನೇ ಉರಿಸಿದರು. ಹೆಂಡತಿಯ ಬೆರಳುಗಳು ವಾಸಿಯಾದವು. ಬೆಸ್ತ ಅವನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ನೋಡಿದ. ಬಾಳಿನಲ್ಲಿ ಇದೊಂದನ್ನಾದರೂ ಸರಿಯಾಗಿ ಮಾಡಿದೆ ಎಂದುಕೊಂಡ.

ಎರಡನೆಯ ವರ್ಷ ಮೀನು ಅರ್ಧಕ್ಕೆ ಇಳಿಯಿತು. ಮೂರನೆಯ ವರ್ಷ ಬಲೆ ಬರಿದೆ ಒದ್ದೆಯಾಗಿ ಮೇಲೆ ಬಂತು. ಬೆಸ್ತ ಮುದುಕನ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತ.

ಮುದುಕ ಹೇಳಿದ: "ಆ ದಿಮ್ಮಿಗಳ ಮೈಮೇಲೆ ಪಾಚಿ ಕಟ್ಟುತ್ತಿತ್ತು, ಕೊಳೆತಲ್ಲಿ ಹುಳ ಹುಟ್ಟುತ್ತಿತ್ತು. ಮರಿಗಳಿಗೆ ಅದೇ ಬುತ್ತಿ. ಪೊಟರೆಯಲ್ಲಿ ತಾಯಿಮೀನು ತತ್ತಿ ಇಡುತ್ತಿತ್ತು. ನಿನ್ನ ಕಣ್ಣಿಗೆ ಅದು ಹೆಣ. ಮೀನಿಗೆ ಅದು ಬಾಣಂತಿಯ ಕೋಣೆ, ಮಗ."

"ಇದನ್ನು ಅಂದೇ ಏಕೆ ಹೇಳಲಿಲ್ಲ ಅಜ್ಜ?"

"ನಾಲಿಗೆಯನ್ನು ಹಂಗಿಸಿದೆಯಲ್ಲ, ಅದನ್ನು ಒಳಗೆ ಎಳೆದುಕೊಂಡೆ. ನನ್ನ ಸಿಟ್ಟಿಗೂ ಇದರಲ್ಲಿ ಪಾಲಿದೆ."

ಬೆಸ್ತ ಆ ದಿನವೇ ಕೊಡಲಿ ಎತ್ತಿದ. ದಡದಲ್ಲಿದ್ದ ಮರಗಳನ್ನು ಕಡಿದು, ಎಲೆ ಸಹಿತ ನೀರಿಗೆ ಉರುಳಿಸಿದ. ಒಂದು ಹೊಳೆಮತ್ತಿ ಮರ ಮಾತ್ರ ಉಳಿಯಿತು. ಇಬ್ಬರು ತಬ್ಬಿದರೂ ತೆಕ್ಕೆಗೆ ಸಿಗದ ಅದು ಅವನ ಕೊಡಲಿಗೆ ಜಗ್ಗಲಿಲ್ಲ. ಬೇಸಿಗೆಯ ಅಲ್ಪ ನೀರಿನಲ್ಲಿ ಅಷ್ಟೂ ಹಸಿ ಎಲೆ ಒಮ್ಮೆಗೇ ಕೊಳೆಯಿತು. ನೀರು ಕಪ್ಪಾಯಿತು. ಅಳಿದುಳಿದ ಮೀನೂ ಹೊಟ್ಟೆ ಮೇಲಾಗಿ ತೇಲಿತು. ನಾತ ತಾಳಲಾರದೆ ಕೇರಿಯವರು ಆ ಮರಗಳನ್ನೂ ಎಳೆದುಹಾಕಿದರು. ಸತ್ತದ್ದು ಬೇರೆ, ಕೊಂದದ್ದು ಬೇರೆ ಎಂಬುದು ಬೆಸ್ತನಿಗೆ ಆಗ ತಿಳಿಯಿತು.

ಮನೆಗಳು ಒಂದೊಂದಾಗಿ ಬೇರೆ ನೀರನ್ನು ಹುಡುಕಿಕೊಂಡು ಹೋದವು. ಅವನ ಹೆಂಡತಿ ಅವನನ್ನು ಬೈಯಲಿಲ್ಲ. ವಾಸಿಯಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅದನ್ನು ಕಂಡ ಮೇಲೆ ಬೆಸ್ತ ಅವಳ ಎದುರು ಕುಳಿತು ಉಣ್ಣುವುದನ್ನು ಬಿಟ್ಟ.

ಅವರಿಬ್ಬರು ಮಾತ್ರ ಊರು ಬಿಡಲಿಲ್ಲ. ಕೂಲಿ ಮಾಡಿ ಹೊಟ್ಟೆ ಹೊರೆದರು. ಆ ಹೊಳೆಮತ್ತಿ ನೀರಿನ ಕಡೆಗೆ ಬಾಗಿತ್ತು. ಅದು ತಾನಾಗಿ ಒಣಗಿ ಕೆರೆಗೆ ಬೀಳುವುದನ್ನು ಕಾಯುವುದೊಂದೇ ಬೆಸ್ತನಿಗೆ ಉಳಿದ ದಾರಿ. ಅವನು ಪ್ರತಿದಿನ ಬೆಳಿಗ್ಗೆ ಅದರ ಬುಡಕ್ಕೆ ಹೋಗುತ್ತಿದ್ದ. ತೊಗಟೆಯ ಮೇಲೆ ಕೈಯಿಟ್ಟು, ತಲೆಯೆತ್ತಿ, ಒಂದೊಂದೇ ಕೊಂಬೆಯನ್ನು ನೋಡುತ್ತಿದ್ದ. ಬೀಳು ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬೀಳಬೇಡ ಎನ್ನಲೂ ಬರುತ್ತಿರಲಿಲ್ಲ. ಹೀಗೆ ಅವನ ತಲೆ ನರೆಯಿತು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಕೆರೆಗೆ ಮತ್ತೆ ಮೀನು ಬಂತೇ, ಗುರುಗಳೇ?"

ಗುರು ಹೇಳಿದರು: "ಮರ ಇನ್ನೂ ಹಸುರಾಗಿದೆ."